ಸೇವೆಯೂ ಆತ್ಮರಕ್ಷಣೆಯೂ

ಪರರ ದುಃಖವನ್ನು ಪರಿಹರಿಸಲು ಹೊರಟವನು ತನ್ನ ಕ್ಷೇಮವನ್ನು ಎಷ್ಟರಮಟ್ಟಿಗೆ ಲೆಕ್ಕಿಸಬಹುದು? ಲೆಕ್ಕಿಸಿದರೆ ಅವನ ಸೇವೆಗೆ ಊನ ಬರುವುದೇ? ಈ ಪ್ರಶ್ನೆಯನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠಶಾಲೆಯಲ್ಲಿ ಬಲು ಸುಲಭವಾಗಿ ಬಿಡಿಸುತ್ತಿದ್ದೆನು. ಶಿಬಿಯ ಕಥೆಯನ್ನೂ ದಧೀಚಿಯ ಕಥೆಯನ್ನೂ ಹೇಳಿ, ತ್ಯಾಗಕ್ಕಿಂತ ಮಿಗಿಲಾದ ಧರ್ಮವಿಲ್ಲವೆಂದು ಪಾಠವನ್ನು ಮುಗಿಸಿಬಿಡುತ್ತಿದ್ದೆನು. ಮಕ್ಕಳೂ ಹಾಗೆಯೇ ಬರೆದು ಅಂಕಗಳನ್ನು ಪಡೆಯುತ್ತಿದ್ದರು. ನಿವೃತ್ತನಾದ ಮೇಲೆ, ನನ್ನ ಶಿಷ್ಯೆಯೊಬ್ಬಳ ದೆಸೆಯಿಂದ, ಆ ಉತ್ತರವನ್ನು ತಿದ್ದಿಕೊಳ್ಳಬೇಕಾಗಿ ಬಂದಿತು. ತಪ್ಪು ನನ್ನದಾದ್ದರಿಂದ ಅದನ್ನು ನಾನೇ ಬರೆಯುವುದು ಯುಕ್ತವೆಂದು ತಿಳಿದು ವಾಚಕರ ಮುಂದಿಡುತ್ತಿದ್ದೇನೆ.

ಆಕೆ ನಮ್ಮ ಭಾಗ್ಯನಗರದ ನೇಕಾರರ ಮನೆಯ ಹುಡುಗಿ. ಮಗ್ಗದ ಸದ್ದಿನಲ್ಲಿಯೇ ಓದಿ ಮೇಲೆ ಬಂದವಳು. ಶುಶ್ರೂಷಾ ವಿದ್ಯೆಯನ್ನು ಮುಗಿಸಿದೊಡನೆಯೇ ಆಕೆಗೆ ದೊರೆತ ಮೊದಲ ಕೆಲಸವು ಒಂದು ಸೆರೆಮನೆಯ ಆಸ್ಪತ್ರೆಯಲ್ಲಿ. ಅದಾವ ಊರಿನದೆಂಬುದು ಇಲ್ಲಿ ಅಪ್ರಸ್ತುತ. ದೀಪಾವಳಿಗೆ ಊರಿಗೆ ಬಂದಾಗ ನನ್ನನ್ನು ಕಾಣಲು ಬಂದಳು. ಕುಶಲಪ್ರಶ್ನೆಗಳಾದ ಮೇಲೆ ಮೆಲ್ಲನೆ ತನ್ನ ಕಷ್ಟವನ್ನು ಹೇಳಿದಳು. ರಾತ್ರಿಯ ಸರದಿಯಲ್ಲಿ ತಾನೊಬ್ಬಳೇ; ಕಾವಲುಗಾರನಿರುವುದು ಎರಡು ಬಾಗಿಲುಗಳ ಆಚೆ, ಕೂಗಿದರೆ ಕೇಳಿಸದಷ್ಟು ದೂರದಲ್ಲಿ. ಚುಚ್ಚಿ ತೆಗೆದ ಸೂಜಿಗಳನ್ನು ಹಾಕಲು ಪೆಟ್ಟಿಗೆಯಿಲ್ಲ. ಅವು ತೆರೆದ ತಟ್ಟೆಯಲ್ಲಿಯೇ ಬಿದ್ದಿರುತ್ತವೆ. ಕ್ಷಯದ ಕೆಮ್ಮುಳ್ಳವರೂ ಇಲ್ಲದವರೂ ಕಿಟಕಿ ಮುಚ್ಚಿದ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ನಿದ್ರೆಯ ಗುಳಿಗೆಗಳಿಗಾಗಿ ಒಬ್ಬನು ದಿನವೂ ಬೆದರಿಸುತ್ತಾನೆ. ಇಷ್ಟಲ್ಲದೆ, ತಾನು ಕಣ್ಣಿನಿಂದ ಕಾಣದ ರೋಗಿಗಳಿಗೂ ಔಷಧ ಕೊಟ್ಟುದಾಗಿ ದಾಖಲೆಯ ಪುಸ್ತಕದಲ್ಲಿ ರುಜು ಹಾಕೆಂದು ಮೇಲಿನವರು ಹೇಳುತ್ತಾರೆ. "ಏನು ಮಾಡಲಿ, ಗುರುಗಳೇ?" ಎಂದು ಕೇಳಿದಳು.

ನಾನು ಏನು ಹೇಳಿದೆನೆಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. "ಅವ್ವಾ, ಸೇವೆಯೆಂದರೆ ತಪಸ್ಸು. ತಪಸ್ಸಿಗೆ ಕುಳಿತವರು ಬಿಸಿಲು ಮಳೆಗಳನ್ನು ಎಣಿಸಬಾರದು. ಹೊಸ ಕೆಲಸ, ಸಹಿಸಿಕೋ" ಎಂದೆನು. ಆಕೆ ನಮಸ್ಕರಿಸಿ ಹೊರಟುಹೋದಳು.

ಮೂರು ತಿಂಗಳ ಬಳಿಕ ಆಕೆ ತಂದೆಯೊಡನೆ ಮರಳಿ ಬಂದಳು, ಮುಖ ಬಾಡಿದ್ದಿತು. ಒಂದು ರಾತ್ರಿ ಮಂದ ಬೆಳಕಿನಲ್ಲಿ ತಟ್ಟೆಗೆ ಕೈಯಿಟ್ಟಾಗ ಯಾರಿಗೋ ಚುಚ್ಚಿದ ಸೂಜಿ ಆಕೆಯ ಬೆರಳಿಗೆ ನೆಟ್ಟಿತ್ತು. ಅದು ಯಾರ ರಕ್ತವೆಂದು ಹೇಳುವವರಿಲ್ಲ. ಇಂತಹ ಸಂದರ್ಭದಲ್ಲಿ ಎಚ್.ಐ.ವಿ. ಸೋಂಕನ್ನು ತಡೆಯುವ ಔಷಧವನ್ನು ಸಾಧ್ಯವಾದರೆ ಎರಡು ಗಂಟೆಗಳೊಳಗೆ, ತೀರ ತಡವಾದರೂ 72 ಗಂಟೆಗಳೊಳಗೆ ಪ್ರಾರಂಭಿಸಿ, 28 ದಿನ ಬಿಡದೆ ಸೇವಿಸಬೇಕೆಂಬುದು ವೈದ್ಯಶಾಸ್ತ್ರದ ನಿಯಮ. ಆಕೆಯ ಆಸ್ಪತ್ರೆಯಲ್ಲಿ ಅದು ಇರಲಿಲ್ಲ. ಬೇರೆ ಆಸ್ಪತ್ರೆಗೆ ಹೋಗಿ ಅದನ್ನು ಪಡೆಯುವಷ್ಟರಲ್ಲಿ ಮರುದಿನದ ಮಧ್ಯಾಹ್ನವಾಗಿತ್ತು. ಗುಳಿಗೆಗಳ ದೆಸೆಯಿಂದ ಅನ್ನ ಸೇರದು. ಮುಂದಿನ ರಕ್ತಪರೀಕ್ಷೆಯವರೆಗೆ ನಿದ್ರೆ ಬಾರದು. ಇದನ್ನೆಲ್ಲ ಆಕೆ ಅಳದೆ ಹೇಳಿ, ಕೊನೆಗೆ ಒಂದೇ ಮಾತನ್ನು ಕೇಳಿದಳು: "ಗುರುಗಳೇ, ನೀವು ಹೇಳಿದಂತೆ ಸಹಿಸಿದೆ. ಅದರಿಂದ ಆ ಸೆರೆಯಾಳುಗಳಿಗೆ ಏನು ಲಾಭವಾಯಿತು? ನಾನು ಮಲಗಿದ ದಿನಗಳಲ್ಲಿ ಅವರಿಗೆ ಔಷಧ ಕೊಡುವವರೂ ಇರಲಿಲ್ಲ."

ನನಗೆ ಉತ್ತರ ತೋಚಲಿಲ್ಲ. ಅಷ್ಟರಲ್ಲಿ ಆಕೆಯ ತಂದೆ, ಅಕ್ಷರವನ್ನು ಹೆಚ್ಚು ಕಲಿಯದವನು, ತನ್ನ ಮಾತಿನಲ್ಲಿ ಹೇಳಿದನು: "ಎಳಿ ಹರಿದಾಗ ಮಗ್ಗ ನಿಂದರಿಸಿ ಗಂಟು ಹಾಕಬೇಕ್ರಿ, ಗುರುಗಳ. ಹಂಗ ನೇಯ್ಕೋತ ಹೋದರ ಸೀರಿ ತುದೀತನಕ ಕಾಣತೈತಿ." ಶಾಸ್ತ್ರವನ್ನೋದಿದ ನನಗೆ ಹೊಳೆಯದುದು ಮಗ್ಗದ ಮುಂದೆ ಕುಳಿತವನಿಗೆ ಹೊಳೆದಿತ್ತು. ಅಂದಿನಿಂದ ಈ ವಿಷಯವನ್ನು ನಮ್ಮ ಹಿರಿಯರ ಪದ್ಧತಿಯಂತೆ ಪೂರ್ವಪಕ್ಷಗಳನ್ನಿಟ್ಟು ವಿಚಾರಮಾಡತೊಡಗಿದೆನು.

ಮೊದಲನೆಯ ಪೂರ್ವಪಕ್ಷವು ನನ್ನದೇ: ಸೇವೆ ಎಂಬುದು ತಪಸ್ಸು, ಆದಕಾರಣ ಸೇವಕನು ತನ್ನ ಅಪಾಯವನ್ನು ಎಣಿಸಬಾರದು. ಆದರೆ ನಮ್ಮ ಗ್ರಂಥಗಳು ಹೀಗೆ ಹೇಳಿವೆಯೇ? ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರತಕ್ಕ ಗುಣಗಳೂ ನಾಲ್ಕು: ಉಪಚಾರಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶೌಚ. ಈ ಪಟ್ಟಿಯಲ್ಲಿ ಪ್ರಾಣತ್ಯಾಗವೆಂಬುದು ಎಲ್ಲಿಯೂ ಇಲ್ಲ. ಶೌಚವನ್ನು ಬೇಡುವ ಶಾಸ್ತ್ರವು ಶೌಚಕ್ಕೆ ಬೇಕಾದ ಸಾಧನಗಳನ್ನೂ ಬೇಡಿದಂತೆಯೇ ಆಯಿತು. ಪರಿಚಾರಕನು ನಾಲ್ಕು ಕಾಲುಗಳಲ್ಲಿ ಒಂದು ಕಾಲು. ಅದನ್ನು ಮುರಿಯಗೊಟ್ಟರೆ ಮಂಚದ ಮೇಲಿರುವ ರೋಗಿಯೇ ಬೀಳುತ್ತಾನೆ. ತಪಸ್ಸಿನ ವಿಷಯದಲ್ಲಿಯಾದರೂ ಹಾಗೆಯೇ. ಕುಮಾರಸಂಭವದ 5ನೆಯ ಸರ್ಗದಲ್ಲಿ, ಉಗ್ರತಪಸ್ಸಿನಲ್ಲಿದ್ದ ಪಾರ್ವತಿಯ ಬಳಿಗೆ ವಟುವೇಷದಿಂದ ಬಂದ ಶಿವನು ಅವಳ ತಪಸ್ಸು ದೇಹಶಕ್ತಿಗೆ ಮೀರಿದುದೋ ಹೇಗೆಂದು ಮೊಟ್ಟಮೊದಲಿಗೇ ವಿಚಾರಿಸುತ್ತಾನೆ. ಈ ಸರ್ಗವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ದೀಪಾವಳಿಯ ದಿನ ಅದು ನೆನಪಿಗೆ ಬರಲಿಲ್ಲ.

ಇನ್ನು ದಧೀಚಿ. ದೇವತೆಗಳು ಬಂದು ಬೇಡಿದರು, ಅವನು ತಾನಾಗಿ ತನ್ನ ಮೂಳೆಗಳನ್ನು ಕೊಟ್ಟನು. ವೃತ್ರನನ್ನು ಕೊಲ್ಲುವ ವಜ್ರಾಯುಧಕ್ಕೆ ಬೇರೆ ದ್ರವ್ಯವಿರಲಿಲ್ಲ. ಇವೆರಡೂ ಇದ್ದುದರಿಂದಲೇ ಅದು ತ್ಯಾಗವೆನಿಸಿತು. ಅಲ್ಪ ಬೆಲೆಯ ಒಂದು ಪೆಟ್ಟಿಗೆಯಿಂದ ತಡೆಯಬಹುದಾದ ಗಾಯವನ್ನು ಒಬ್ಬ ಹುಡುಗಿಯ ಬೆರಳಿನಿಂದ ತೀರಿಸಿಕೊಳ್ಳುವುದಾದರೆ ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲದು. ಕೊಡುವವನ ಬಾಯಿಂದ ಬಂದಾಗ ಪವಿತ್ರವಾಗಿರುವ ಮಾತು, ಕೊಡಿಸಿಕೊಳ್ಳುವವನ ಬಾಯಿಂದ ಬಂದಾಗ ಸುಲಿಗೆಯಾಗುತ್ತದೆ.

ಎರಡನೆಯ ಪೂರ್ವಪಕ್ಷವು ಬೀದಿಯಲ್ಲಿ ಕೇಳಿಬರುವಂತಹದು: ಅಪರಾಧಿಗಳಿಗೆ ಇಷ್ಟೆಲ್ಲ ಉಪಚಾರವೇಕೆ? ಅವರಿಗಾಗಿ ಒಳ್ಳೆಯ ಮನೆಯ ಹೆಣ್ಣುಮಗಳು ಅಪಾಯಕ್ಕೊಳಗಾಗುವುದೇಕೆ? ಇದಕ್ಕೆ ಸಮಾಧಾನವು ನಮ್ಮ ಕೊಪ್ಪಳದ ಬೆಟ್ಟಗಳಲ್ಲಿಯೇ ಪ್ರಾರಂಭವಾಗುತ್ತದೆ. ಗವಿಮಠದ ಬಂಡೆಯ ಮೇಲೆಯೂ ಪಾಲ್ಕಿಗುಂಡಿನ ಮೇಲೆಯೂ ಶಾಸನಗಳನ್ನು ಕೊರೆಯಿಸಿದ ಅಶೋಕಚಕ್ರವರ್ತಿಯು, ಬೇರೆಡೆಗಳಲ್ಲಿರುವ ತನ್ನ ದೊಡ್ಡ ಶಿಲಾಶಾಸನಗಳ ಪೈಕಿ ಎರಡನೆಯದರಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದುದನ್ನೂ, ಐದನೆಯದರಲ್ಲಿ ಸೆರೆಯಲ್ಲಿರುವವರ ಹಿತವನ್ನು ನೋಡಲು ಧರ್ಮಮಹಾಮಾತ್ರರನ್ನು ನೇಮಿಸಿದುದನ್ನೂ ಹೇಳಿದ್ದಾನೆ. ಆಂಗ್ಲ ಪ್ರಭುತ್ವದ 1894ರ ಕಾರಾಗೃಹ ಶಾಸನವೂ ಪ್ರತಿಯೊಂದು ಸೆರೆಮನೆಯಲ್ಲಿ ಆಸ್ಪತ್ರೆಯಾಗಲಿ ರೋಗಿಗಳಿಗೆ ತಕ್ಕ ಸ್ಥಳವಾಗಲಿ ಇರಲೇಬೇಕೆಂದು ವಿಧಿಸಿತು. ಗಾಯಗೊಂಡವನು ನಿರಪರಾಧಿಯಾಗಿರಲಿ ಅಪರಾಧಿಯಾಗಿರಲಿ ಅವನ ಪ್ರಾಣವನ್ನುಳಿಸುವುದು ವೈದ್ಯನ ಕರ್ತವ್ಯವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಪರಮಾನಂದ ಕಟಾರಾ ಎಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ನ್ಯಾಯಾಧೀಶನು ಸೆರೆಯನ್ನು ವಿಧಿಸುತ್ತಾನೆಯೇ ಹೊರತು ಕ್ಷಯರೋಗವನ್ನು ವಿಧಿಸುವುದಿಲ್ಲ.

ಮೇಲಾಗಿ ಸೆರೆಮನೆಯಲ್ಲಿರುವವರೆಲ್ಲರೂ ಅಪರಾಧಿಗಳೆಂಬುದೂ ಸರಿಯಲ್ಲ. 2022ನೆಯ ಇಸವಿಯ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ 4,36,266 ಜನರಿಗೆ ಸ್ಥಳವಿದ್ದಿತು, ಇದ್ದವರು 5,73,220. ಇವರಲ್ಲಿ ನಾಲ್ವರಿಗೆ ಮೂವರು ಇನ್ನೂ ವಿಚಾರಣೆಯಲ್ಲಿದ್ದವರು. ಇಂತಹ ಇಕ್ಕಟ್ಟಿನಲ್ಲಿ ಹುಟ್ಟಿದ ರೋಗವು ಗೋಡೆಯೊಳಗೇ ಉಳಿಯುವುದೆಂದು ತಿಳಿಯಬಾರದು. 1577ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದ ನ್ಯಾಯಸಭೆಗೆ ಸೆರೆಯಾಳುಗಳನ್ನು ತಂದಾಗ ಜ್ವರವು ಹರಡಿ, ವಿಚಾರಣೆಗೆ ಕುಳಿತ ಮುಖ್ಯ ನ್ಯಾಯಾಧಿಪತಿಯೇ ಮೊದಲಾಗಿ ಸುಮಾರು ಮುನ್ನೂರು ಮಂದಿ ಮಡಿದರೆಂದು ಇತಿಹಾಸವು ಹೇಳುತ್ತದೆ. ಯೂರೋಪಿನ ಸೆರೆಮನೆಗಳನ್ನು ಕಾಲಿನಿಂದ ಅಳೆದು 1777ರಲ್ಲಿ ಅವುಗಳ ದುಃಸ್ಥಿತಿಯನ್ನು ಗ್ರಂಥವಾಗಿ ಬರೆದ ಜಾನ್ ಹೋವರ್ಡ್ ಎಂಬ ಮಹನೀಯನೂ 1790ರಲ್ಲಿ ಜ್ವರದಿಂದಲೇ ತೀರಿಕೊಂಡನು. ಸೆರೆಯಾಳು, ಕಾವಲುಗಾರ, ವೈದ್ಯ, ದಾದಿ, ಇವರೆಲ್ಲರೂ ಉಸಿರಾಡುವುದು ಒಂದೇ ಗಾಳಿಯನ್ನು. ಆದುದರಿಂದ ದಾದಿಯ ರಕ್ಷಣೆಯೂ ಸೆರೆಯಾಳಿನ ಚಿಕಿತ್ಸೆಯೂ ಎದುರು ತಕ್ಕಡಿಗಳಲ್ಲಿಡುವ ವಸ್ತುಗಳಲ್ಲ. ಕಿಟಕಿಯೊಂದನ್ನು ತೆರೆದರೆ ಇಬ್ಬರಿಗೂ ತೆರೆದಂತೆ.

ಮೂರನೆಯ ಪೂರ್ವಪಕ್ಷ: ಸಂಬಳವನ್ನು ಒಪ್ಪಿಕೊಂಡವಳು ಅಪಾಯವನ್ನೂ ಒಪ್ಪಿಕೊಂಡಂತೆಯೇ, ಬೇಡವಾದರೆ ಬಿಟ್ಟುಹೋಗಲಿ. ಇಲ್ಲಿ ಎರಡು ಬಗೆಯ ಅಪಾಯಗಳನ್ನು ವಿಂಗಡಿಸಿ ನೋಡಬೇಕು. ರೋಗಿಯ ಮಗ್ಗುಲಲ್ಲಿ ನಿಲ್ಲುವುದರಿಂದಲೇ ಬರುವ ಅಪಾಯವೊಂದು. ಅದು ವೃತ್ತಿಗೆ ಸಹಜವಾದುದು, ಆಕೆ ತಿಳಿದೇ ಅದನ್ನು ಒಪ್ಪಿದವಳು. ಬೀಗವಿಲ್ಲದ ಬಾಗಿಲು, ಪೆಟ್ಟಿಗೆಯಿಲ್ಲದ ಸೂಜಿ, ಒಡನಾಡಿಯಿಲ್ಲದ ರಾತ್ರಿ, ಇವುಗಳಿಂದ ಬರುವ ಅಪಾಯ ಮತ್ತೊಂದು. ಅದು ಅಲಕ್ಷ್ಯದಿಂದ ಹುಟ್ಟಿದುದು. ಇದನ್ನು ಒಪ್ಪೆಂದು ನೇಮಕದ ಯಾವ ಪತ್ರದಲ್ಲಿಯೂ ಬರೆದಿರುವುದಿಲ್ಲ. ದುಡಿಯುವವರ ಆರೋಗ್ಯರಕ್ಷಣೆಯು ಅವರ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಕಲ್ನಾರಿನ ಕಾರ್ಖಾನೆಗಳ ಕೆಲಸಗಾರರ ವಿಷಯದಲ್ಲಿ, ಸ್ಪಷ್ಟವಾಗಿ ಹೇಳಿದೆ.

ಈ ಅಲಕ್ಷ್ಯವು ಎಲ್ಲಿಗೆ ಮುಟ್ಟಿಸುವುದೆಂಬುದಕ್ಕೆ ಕನ್ನಡನಾಡಿನ ಮಗಳೊಬ್ಬಳ ಬಾಳೇ ಸಾಕ್ಷಿ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಎಂಬ ತರುಣಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. 1973ನೆಯ ನವೆಂಬರ್ 27ರಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಲ್ಲಿನ ಜಾಡಮಾಲಿಯೊಬ್ಬನು ಅವಳ ಮೇಲೆ ಘೋರವಾದ ಹಲ್ಲೆ ಮಾಡಿದನು. ಆಮೇಲೆ ಅವಳಿಗೆ ಪ್ರಜ್ಞೆ ಸರಿಯಾಗಿ ಮರಳಲೇ ಇಲ್ಲ. 2015ನೆಯ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ದಾದಿಯರು ತಲೆಮಾರು ಕಳೆದರೂ ಬಿಡದೆ ಅವಳ ಶುಶ್ರೂಷೆ ಮಾಡಿದರು. ಆ ದಾದಿಯರ ಅನುರಾಗವನ್ನು ದೇಶವೆಲ್ಲ ಕೊಂಡಾಡಿತು, ಕೊಂಡಾಡತಕ್ಕದ್ದೇ ಸರಿ. ಆದರೆ ಕೆಲಸ ಮುಗಿಸಿದ ದಾದಿಯು ಬಟ್ಟೆ ಬದಲಾಯಿಸಲು ಜನಸಂಚಾರವಿಲ್ಲದ ನೆಲಮಾಳಿಗೆಗೆ ಏಕೆ ಇಳಿಯಬೇಕಾಗಿತ್ತೆಂದು ಕೇಳಿದವರು ಎಷ್ಟು ಮಂದಿ? ವೈದ್ಯರ ಮತ್ತು ದಾದಿಯರ ಮೇಲಿನ ಹಿಂಸೆಯನ್ನು ದಂಡಿಸಲು ನಮ್ಮ ರಾಜ್ಯವು 2009ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿತು. ಆದರೆ ದಂಡನೆಯು ಏಟು ಬಿದ್ದ ಮೇಲೆ ಬರುವಂತಹದು. ಬೀಗವು ಏಟಿಗಿಂತ ಮೊದಲು ಬರಬೇಕು.

ಹಾಗಾದರೆ ಸಿದ್ಧಾಂತವೇನು? ಸಹಜವಾದ ಅಪಾಯವನ್ನು ಧೈರ್ಯದಿಂದ ಎದುರಿಸತಕ್ಕದ್ದು. ಅಲಕ್ಷ್ಯದ ಅಪಾಯವನ್ನು ಬಾಯಿ ಬಿಟ್ಟು ಹೇಳತಕ್ಕದ್ದು. ಹೇಳುವುದು ಸೇವೆಗೆ ಭಂಗವಲ್ಲ, ಸೇವೆಯ ಒಂದು ಅಂಗ. ಅದೇಕೆಂದರೆ ಸೆರೆಯಾಳಿಗೆ ಬೇರೆ ಆಸ್ಪತ್ರೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಅವನ ಕೋಣೆಯ ಸ್ಥಿತಿಯನ್ನು ಹೊರಗಿನವರಿಗೆ ತಿಳಿಸಬಲ್ಲ ಕಣ್ಣುಗಳು ದಾದಿಯವೇ. ಆಕೆ ಮೌನವಾಗಿ ಸಹಿಸಿದರೆ ಅವನ ಪರವಾಗಿಯೂ ಮೌನವಾಗಿದ್ದಂತೆ. ಕಾಣದ ರೋಗಿಗೆ ಔಷಧ ಕೊಟ್ಟೆನೆಂದು ಬರೆಯುವುದಂತೂ ಎಂದಿಗೂ ಕೂಡದು. ಆ ರುಜುವಿನಿಂದ ರೋಗಿಯೂ ಸತ್ಯವೂ ಒಟ್ಟಿಗೆ ಕೆಡುತ್ತವೆ. ಎಲ್ಲವನ್ನೂ ಹೇಳಿದ ಮೇಲೆಯೂ ಕೇಳುವವರಿಲ್ಲದಿದ್ದರೆ ಆ ಕೆಲಸವನ್ನು ಬಿಡುವುದರಲ್ಲಿ ಪಾಪವಿಲ್ಲ. ಹೇಳದೆ ಬಿಟ್ಟುಹೋದರೆ ಮಾತ್ರ, ಅದೇ ತಟ್ಟೆಯೂ ಅದೇ ಸೂಜಿಯೂ ನಾಳೆ ಬರುವ ಮತ್ತೊಬ್ಬ ಹುಡುಗಿಗಾಗಿ ಕಾದಿರುತ್ತವೆ.

ನಾನು ಇದನ್ನೆಲ್ಲ ಹೇಳಿದಾಗ ಆಕೆ ಒಂದು ಕಾಗದವನ್ನು ಹೊರತೆಗೆದಳು. ಬಿನ್ನವತ್ತಳೆಯನ್ನು ಆಗಲೇ ಬರೆದುಕೊಂಡು ಬಂದಿದ್ದಳು. ಬೇಡಿಕೆಗಳು ಆರು: ಸೂಜಿಗಳಿಗೆ ಚುಚ್ಚಿಹೋಗದ ಪೆಟ್ಟಿಗೆ, ಕಾಮಾಲೆಯ ಸೋಂಕನ್ನು ತಡೆಯುವ ಹೆಪಟೈಟಿಸ್-ಬಿ ಲಸಿಕೆಯ ಮೂರು ಸರದಿ, ಆಸ್ಪತ್ರೆಯ ಎಲ್ಲ ಸಿಬ್ಬಂದಿಗೂ, ಕೆಮ್ಮುಳ್ಳವರಿಗೆ ಗಾಳಿಯಾಡುವ ಬೇರೆ ಕೋಣೆ ಮತ್ತು ಮುಖಕ್ಕೆ ತಕ್ಕ ಮುಸುಕು, ಸೂಜಿ ನೆಟ್ಟವರಿಗೆ ಕೂಡಲೇ ಕೊಡುವ ಔಷಧದ ದಾಸ್ತಾನು, ರಾತ್ರಿ ಇನ್ನೊಬ್ಬ ಸಹಾಯಕಿ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿಯೂ ರೋಗಿಯ ಗುಟ್ಟು ಕೇಳದಷ್ಟು ದೂರದಲ್ಲಿಯೂ ನಿಲ್ಲುವ ಕಾವಲುಗಾರ. ಕೊನೆಯದನ್ನು ಓದಿ ನನ್ನ ಕಣ್ಣು ತೇವವಾದುವು. ತನ್ನ ರಕ್ಷಣೆಯನ್ನು ಬೇಡುವಾಗಲೂ ಸೆರೆಯಾಳಿನ ಮಾನವನ್ನು ಆಕೆ ಮರೆತಿರಲಿಲ್ಲ. ನಾನು ಮಾಡಿದ ಸಹಾಯವೆಂದರೆ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿದುದು.

ಆಕೆ ಕೆಲಸಕ್ಕೆ ಮರಳಿದ್ದಾಳೆ. ಮೂರನೆಯ ತಿಂಗಳ ರಕ್ತಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲವೆಂದು ಅವಳ ತಂದೆ ಬಂದು ತಿಳಿಸಿದನು. ಸೂಜಿಯ ಪೆಟ್ಟಿಗೆ ಬಂದಿದೆ. ಲಸಿಕೆಯ ಮೊದಲ ಸರದಿಯೂ ಆಗಿದೆ. ರಾತ್ರಿಯ ಸಹಾಯಕಿ ಇನ್ನೂ ಬಂದಿಲ್ಲ. ಆಕೆ ಎರಡನೆಯ ಬಿನ್ನವತ್ತಳೆಯನ್ನು ಬರೆಯುತ್ತಿದ್ದಾಳಂತೆ.

ವಾಚಕ ಮಹಾಶಯರಲ್ಲಿ ನನ್ನ ಪ್ರಾರ್ಥನೆಯಿಷ್ಟೆ. ನಿಮ್ಮ ಮನೆಯ ಮಗಳೋ ಸೊಸೆಯೋ ಇಂತಹ ಕೆಲಸದಿಂದ ಮರಳಿ ತನ್ನ ಭಯವನ್ನು ಹೇಳಿಕೊಂಡರೆ, ಅವಳಿಗೆ ಕೂಡಲೇ ಪುರಾಣವನ್ನು ಹೇಳಬೇಡಿರಿ. ಬಾಗಿಲಿಗೆ ಬೀಗವಿದೆಯೇ, ಜೊತೆಗೆ ಯಾರಿದ್ದಾರೆ ಎಂದು ಮೊದಲು ಕೇಳಿರಿ. ನಾನು ಕೇಳದೆ ಕೆಟ್ಟೆನು.