ಒಂದು ಶರಣಿಗೆ ಎರಡು ಶರಣು



ಶಿವಶರಣರ ಚರಿತ್ರೆಯಲ್ಲಿ ತಾವೆಲ್ಲರೂ ಬಲ್ಲ ಒಂದು ಪ್ರಸಂಗವಿದೆ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ಬಸವಣ್ಣನವರನ್ನು ಕಂಡು ‘ಶರಣು’ ಎಂದರು. ಬಿಜ್ಜಳರಾಯನ ಭಂಡಾರದ ಅಧಿಕಾರವನ್ನು ಹೊತ್ತಿದ್ದ ಬಸವಣ್ಣನವರು ಅದಕ್ಕೆ ‘ಶರಣು ಶರಣಾರ್ಥಿ’ ಎಂದು ಮಾರ್ನುಡಿದರು. ಕೊಟ್ಟುದು ಒಂದು, ಪಡೆದುದು ಎರಡು. ಈ ಋಣವನ್ನು ತೀರಿಸುವುದೆಂತೆಂದು ಹರಳಯ್ಯನವರೂ ಅವರ ಸತಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದರು. ಅವನ್ನು ಮೆಟ್ಟಲು ತಾವು ಅರ್ಹರಲ್ಲವೆಂದು ಬಸವಣ್ಣನವರು ಹೇಳಿದರೆಂದು ಪರಂಪರೆ ನೆನೆಯುತ್ತದೆ.

ಈ ಕಥೆಯನ್ನು ಕೇಳಿದಾಗ ಹರಳಯ್ಯ ದಂಪತಿಗಳ ಭಕ್ತಿಗೆ ನಾವು ತಲೆದೂಗುತ್ತೇವೆ. ಅದು ಸಹಜವೇ. ಆದರೆ ಗೃಹಸ್ಥರು ಕಲಿಯಬೇಕಾದ ಪಾಠವು ಬಸವಣ್ಣನವರ ಆ ಎರಡನೆಯ ಶರಣಿನಲ್ಲಿದೆ. ಜನಜನರ ನಡುವಣ ಅಂತರವನ್ನು ದಾಟುವ ಹೊಣೆ ಯಾರದು? ಕೆಳಗೆ ನಿಲ್ಲಿಸಲ್ಪಟ್ಟವರದಲ್ಲ, ಮೇಲೆ ನಿಂತವರದು. ‘ಅವರು ಬಂದರೆ ನಾವೇನು ಬೇಡವೆನ್ನುತ್ತೇವೆಯೇ?’ ಎಂದು ಕೇಳುವವರುಂಟು. ತಲೆಮಾರುಗಳಿಂದ ಬಾಗಿಲ ಹೊರಗೆ ನಿಂತು ಬಂದವರು ಕರೆಯದೆ ಒಳಗೆ ಬರುವುದೆಂತು? ಬಾಗಿಲು ತೆರೆದಿರುವುದಷ್ಟೇ ಸಾಲದು, ಒಡೆಯನು ಹೊಸ್ತಿಲಿಗೆ ಬಂದು ಕೈಮುಗಿಯಬೇಕು.

ಇನ್ನೊಂದು ಪ್ರಸಂಗವು ನಮ್ಮನ್ನು ಇನ್ನೂ ಹತ್ತಿರದಿಂದ ಮುಟ್ಟುತ್ತದೆ. ಆಫ್ಘಾನ್ ದೇಶದಿಂದ ಬಂದರೆಂದು ಹೇಳಲಾಗುವ ಮರುಳಶಂಕರದೇವರು ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಸೇವೆ ಮಾಡುತ್ತ ಹನ್ನೆರಡು ವರ್ಷ ಇದ್ದರು. ಅವರು ಯಾರೆಂದು ಯಾರೂ ಅರಿತಿರಲಿಲ್ಲ. ಅಲ್ಲಮಪ್ರಭುದೇವರು ಬಂದು ಗುರುತಿಸಿ ತೋರಿದ ಮೇಲೆಯೇ ಎಲ್ಲರ ಕಣ್ಣು ತೆರೆಯಿತು. ಬಸವಣ್ಣನವರ ಮನೆಯಲ್ಲಿಯೇ ಹೀಗಾದುದಾದರೆ ನಮ್ಮ ನಿಮ್ಮ ಮನೆಗಳ ಮಾತೇನು? ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷ ಶೇಂಗಾ ಬಿಡಿಸಿದ ತಾಯಿಯ ಹೆಸರು ನಮ್ಮ ಮಕ್ಕಳಿಗೆ ತಿಳಿದಿದೆಯೇ? ಆಕೆಯ ಮನೆಯಲ್ಲಿ ಯಾರು ಕಾಯಿಲೆ ಬಿದ್ದಿದ್ದಾರೆಂದು ನಾವು ಕೇಳಿದ್ದೇವೆಯೇ? ಅರಿಯದಿರುವುದಕ್ಕೆ ದೂರದೇಶ ಬೇಕಾಗಿಲ್ಲ, ನಮ್ಮ ಹಿತ್ತಿಲೇ ಸಾಕು.

ಅರಿವು ಹುಟ್ಟುವುದು ಮಾತನ್ನು ಕೇಳುವುದರಿಂದ. ಅನುಭವಮಂಟಪದಲ್ಲಿ ಮಡಿವಾಳ ಮಾಚಿದೇವರು, ನುಲಿಯ ಚಂದಯ್ಯನವರು, ಡೋಹರ ಕಕ್ಕಯ್ಯನವರು ಕುಳಿತರೆಂದು ಹೆಮ್ಮೆಯಿಂದ ಹೇಳುತ್ತೇವೆ. ಅವರು ಕೇವಲ ಕೇಳುತ್ತ ಕುಳಿತವರಲ್ಲ, ನುಡಿದವರು. ಅಂಬಿಗರ ಚೌಡಯ್ಯನವರು ಭಕ್ತರನ್ನೂ ಜಂಗಮರನ್ನೂ ಬಿಡದೆ ನಿಷ್ಠುರವಾಗಿ ಖಂಡಿಸಿದರು. ಆ ನುಡಿಗಳನ್ನು ಶರಣಸಂಕುಲವು ಅಳಿಸಿಹಾಕಲಿಲ್ಲ, ಕಾಪಾಡಿಕೊಂಡು ಬಂದಿತು. ನಮ್ಮ ನಡೆಯ ಬಗ್ಗೆ ಬೇರೆ ಕೇರಿಯವರು ಕಹಿಮಾತನ್ನಾಡಿದರೆ ಅದನ್ನು ಕುಳಿತು ಕೇಳುವ ತಾಳ್ಮೆ ನಮಗಿದೆಯೇ?

ಹಿರಿಯೂರು ಸೀಮೆಯವರಾದ ತಮಗೆ ನೀರಿನ ಬೆಲೆಯನ್ನು ಹೇಳಬೇಕಾಗಿಲ್ಲ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಜಲಾಶಯವು 1933ರಲ್ಲಿ ಒಮ್ಮೆ ತುಂಬಿ ಕೋಡಿ ಹರಿದ ಮೇಲೆ 2022ರಲ್ಲಿ ಮತ್ತೆ ಕೋಡಿ ಹರಿಯಿತು. ಆ ದಿನ ವೇದಾವತಿಯನ್ನು ನೋಡಲು ನೆರೆದ ಜನರಲ್ಲಿ ಯಾರೂ ಯಾರ ಕುಲವನ್ನೂ ಕೇಳಲಿಲ್ಲ. ಆದರೆ ಸಂತೋಷದ ದಿನದ ಐಕ್ಯವು ಸುಲಭ. ಬರಗಾಲದಲ್ಲಿ ಒಂದೇ ಕೊಳವೆಬಾವಿಯ ಮುಂದೆ ಕೊಡಗಳು ಸಾಲುಗಟ್ಟಿದಾಗ ಯಾರ ಕೊಡ ಹಿಂದಕ್ಕೆ ಸರಿಯುತ್ತದೆ ಎಂಬುದರಲ್ಲಿ ಊರಿನ ಧರ್ಮವು ತಿಳಿಯುತ್ತದೆ.

ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಿತು. ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಕಾಯಿದೆ 1955ರಲ್ಲಿ ಬಂದಿತು. ಅದೇ 1950ರಲ್ಲಿ ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ಜಗಳೂರಿನಲ್ಲಿ ತರಳಬಾಳು ಹುಣ್ಣಿಮೆ ಮಹೋತ್ಸವವನ್ನು ಆರಂಭಿಸಿದರು. 2019ರ ಆಗಸ್ಟ್ ತಿಂಗಳಲ್ಲಿ ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಸ್ವಾಮಿಗಳವರು ನಾಡಿನಾದ್ಯಂತ ‘ಮತ್ತೆ ಕಲ್ಯಾಣ’ವೆಂಬ ಅಭಿಯಾನವನ್ನು ನಡೆಸಿ, ವಿದ್ಯಾರ್ಥಿಗಳೊಡನೆ ಸಂವಾದಕ್ಕೆ ಕುಳಿತರು. ಇವೆಲ್ಲವೂ ದೊಡ್ಡ ಕಾರ್ಯಗಳು. ಆದರೆ ಕಾಯಿದೆಯು ಗುಡಿಯ ಬಾಗಿಲನ್ನು ತೆರೆಸಬಲ್ಲುದೇ ಹೊರತು ಮನದ ಬಾಗಿಲನ್ನಲ್ಲ. ಸಭೆಯ ಚಪ್ಪರವನ್ನು ಬಿಚ್ಚಿದ ಮರುದಿನ ನಾವು ಹೇಗೆ ನಡೆಯುತ್ತೇವೆ ಎಂಬುದೇ ಪ್ರಶ್ನೆ.

‘ಇದರಿಂದ ನಮ್ಮ ಆಚಾರ ಕೆಡುವುದಿಲ್ಲವೇ? ಹರಳಯ್ಯನವರು ಲಿಂಗವಂತರು, ನೆರೆಯವರು ಹಾಗಲ್ಲವಲ್ಲ’ ಎಂದು ಕೆಲವರು ಶಂಕಿಸಬಹುದು. ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದು. ತಾನು ಎಲ್ಲರಿಗಿಂತ ಕಿರಿಯನೆಂಬ ಭಾವವೇ ಅದರ ತಿರುಳು. ತನ್ನನ್ನು ಕಿರಿಯನೆಂದುಕೊಂಡವನು ಮತ್ತೊಬ್ಬನನ್ನು ಕೀಳೆಂದು ಹೇಗೆ ಕಂಡಾನು? ಇಷ್ಟಲಿಂಗವನ್ನು ಧರಿಸಿದ ಮೇಲೆ ಮಾತ್ರ ಶರಣೆನ್ನುವುದಾಗಿದ್ದರೆ ಕಲ್ಯಾಣಕ್ಕೆ ಹೊಸಬರು ಯಾರು ಬರುತ್ತಿದ್ದರು? ಮೊದಲು ಆದರ ದೊರೆಯಿತು. ಆ ಆದರದ ಬೆಳಕಿನಲ್ಲಿ ಬಂದವರು ಬಂದರು. ಬಾರದವರಿಗೂ ಆದರವು ಸಲ್ಲುತ್ತದೆ, ಏಕೆಂದರೆ ಅದು ವ್ಯಾಪಾರವಲ್ಲ.

ಆದುದರಿಂದ ಗೃಹಸ್ಥರು ಮೂರು ನೇಮಗಳನ್ನು ಹಿಡಿಯಬೇಕು. ಮೊದಲನೆಯದು ಮಾತಿನ ನೇಮ. ಹತ್ತು ವರ್ಷದ ಬಾಲಕನು ಅಜ್ಜನ ವಯಸ್ಸಿನ ಕೂಲಿಯವರನ್ನು ಏಕವಚನದಲ್ಲಿ ಕರೆದರೆ ಅದು ಬಾಲಕನ ತಪ್ಪಲ್ಲ, ಹಿರಿಯರಿಂದ ಕಲಿತ ಪಾಠ. ‘ಬನ್ನಿ, ಕುಳಿತುಕೊಳ್ಳಿ’ ಎಂಬುದನ್ನು ನಮ್ಮ ಬಾಯಿಂದಲೇ ಅವನು ಕಲಿಯಲಿ. ಎರಡನೆಯದು ಪಂಕ್ತಿಯ ನೇಮ. ದಾಸೋಹವೆಂಬ ಹೆಸರಿಟ್ಟು ಲೋಟ ತಟ್ಟೆಗಳನ್ನು ಬೇರೆಯಿಟ್ಟರೆ ಅದು ದಾಸೋಹವಲ್ಲ. ಮೂರನೆಯದು ಹೋಗುವ ನೇಮ. ಇತರರನ್ನು ಕರೆದು ಉಣ್ಣಿಸುವುದರಲ್ಲಿ ದಾನಿಯ ಹಮ್ಮು ಉಳಿದೀತು. ಅವರ ಮನೆಗೆ ಹೋಗಿ, ಅವರು ಕೊಟ್ಟ ನೀರನ್ನು ಕುಡಿದು, ಅವರ ಸುಖದುಃಖಗಳನ್ನು ಕೇಳಿ ಬಂದಾಗ ಹಮ್ಮು ಕರಗುತ್ತದೆ. ಹಟ್ಟಿಯಾಗಲಿ, ಕಾಲೋನಿಯಾಗಲಿ, ಮುಸಲ್ಮಾನ ಬಾಂಧವರ ಮನೆಯಾಗಲಿ, ನಮ್ಮಲ್ಲಿಯೇ ಒಳಪಂಗಡವೆಂದು ದೂರವಿಟ್ಟವರ ಮನೆಯಾಗಲಿ, ಈ ನೇಮವು ಎಲ್ಲೆಡೆಗೂ ಒಂದೇ.

ಇದಕ್ಕೆ ಬೆಲೆ ತೆರಬೇಕಾದೀತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಆ ಇಬ್ಬರು ತಂದೆಯರೂ ಬಿಜ್ಜಳನ ಆಜ್ಞೆಯಿಂದ ಪ್ರಾಣವನ್ನೇ ತೆತ್ತರು. ಇಂದು ನಮ್ಮಿಂದ ಯಾರೂ ಪ್ರಾಣವನ್ನು ಕೇಳುತ್ತಿಲ್ಲ. ನಂಟರ ಒಂದು ಕೊಂಕುಮಾತು, ಜಗಲಿಯ ಮೇಲಿನ ಒಂದು ನಗೆ, ಇಷ್ಟನ್ನು ಸಹಿಸಿದರೆ ಸಾಕು. ಅಷ್ಟೂ ಸಹಿಸಲಾರದೆ ಆ ಮಹಾತ್ಮರ ಭಾವಚಿತ್ರಕ್ಕೆ ಹೂವೇರಿಸಿದರೆ ಫಲವೇನು?

ನಾಳೆ ನಿಮ್ಮ ಬಾಗಿಲಿಗೆ ಬಂದವರು ಒಂದು ಶರಣು ಹೇಳಿದರೆ ನೀವು ಎರಡು ಹೇಳಿರಿ. ಅವರು ಸಂಕೋಚದಿಂದ ಸುಮ್ಮನೆ ನಿಂತಿದ್ದರೆ ನೀವೇ ಮೊದಲು ಹೇಳಿರಿ. ಸರ್ವರಿಗೂ ಶುಭವಾಗಲಿ.