ಮಾಸಿದ ಭಾವಚಿತ್ರ

ವಿಜಯಪುರದ ಫ. ಗು. ಹಳಕಟ್ಟಿಯವರು (1880–1964) ಮನೆಮನೆಯ ತಾಡವೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅಂತಹ ಶ್ರಮದಿಂದ ಹಗ್ಗ ಹೊಸೆದ, ಅಕ್ಕಿ ಆಯ್ದ ಶರಣರ ನುಡಿ ಉಳಿಯಿತು. ಅವರ ಮುಖ ಮಾತ್ರ ನಮಗೆ ತಿಳಿಯದು. ಜೈನಾಪುರದಂತಹ ಊರುಗಳ ಒಕ್ಕಲುಮನೆಗಳಲ್ಲಿ ಹಿರಿಯರ ಮುಖಗಳಾದರೂ ಭಾವಚಿತ್ರದಲ್ಲಿ ಉಳಿದಿರುತ್ತವೆ. ಆದರೆ ತೇವ, ಬಿಸಿಲು, ಗೆದ್ದಲುಗಳು ಅವನ್ನೂ ಬಿಡವು.

ಅವನ್ನು ಸರಿಪಡಿಸುವಲ್ಲಿ ಒಂದು ಧರ್ಮಸೂಕ್ಷ್ಮವುಂಟು. ಗೆದ್ದಲು ತಿಂದ ಕಣ್ಣನ್ನು ಇಂದು ಗಣಕಯಂತ್ರವು ಕಲ್ಪಿಸಿ ತುಂಬಬಲ್ಲುದು. ಅದು ಆ ತಾಯಿಯ ಕಣ್ಣಲ್ಲ. ಓಲೆಯಲ್ಲಿ ಲುಪ್ತವಾದ ಅಕ್ಷರವನ್ನು ಪ್ರಾಮಾಣಿಕ ಸಂಪಾದಕನು ಚುಕ್ಕಿಯಿಟ್ಟು ತೋರಿಸುವನಲ್ಲದೆ, ತನ್ನ ಮಾತನ್ನು ಶರಣರ ಬಾಯಲ್ಲಿಡನು. ಚಿತ್ರಕ್ಕೂ ಅದೇ ನ್ಯಾಯ.

ಆದುದರಿಂದ ಸದ್ಗೃಹಸ್ಥರು ಮೂಲವನ್ನು ತಿದ್ದದೆ ಪ್ರತಿ ತೆಗೆಸಲಿ. ವೃದ್ಧರನ್ನು ಕೇಳಿ ಹೆಸರು, ಊರು, ಕಾಯಕಗಳನ್ನು ಬರೆದಿಡಲಿ. ಅಳಿದುದನ್ನು ಅಳಿದುದೆಂದೇ ಒಪ್ಪಿ ಉಳಿದುದನ್ನು ಕಾಯುವುದೇ ಸತ್ಯಶುದ್ಧವಾದ ಸ್ಮರಣೆ.