ಹಂಗಿಲ್ಲದ ಸೂರು

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಶಾಲೆಗಳಲ್ಲಿ ಪಾಲಕರ ಸಭೆ ಮುಗಿದ ಮೇಲೂ ಒಬ್ಬಿಬ್ಬರು ತಾಯಂದಿರು ಹಿಂದೆ ಉಳಿಯುತ್ತಾರೆ. ಉಳಿದವರು ಹೋಗುವುದನ್ನು ಕಾಯ್ದು ಮೆಲ್ಲಗೆ ಕೇಳುತ್ತಾರೆ: “ಅಕ್ಕೋರ, ನಾ ಹ್ವಾದ ಮ್ಯಾಲ ಈ ಹುಡುಗನ್ನ ಯಾರ ನೋಡ್ತಾರ್ರೀ?” ನಡೆಯಲು ಬಾರದ, ಬುದ್ಧಿ ಬೆಳೆಯದ ಮಗುವಿನ ತಾಯಿ ಮಗುವಿನ ಓದಿಗಿಂತ ಮೊದಲು ತನ್ನ ಸಾವಿನ ಲೆಕ್ಕ ಹಾಕುತ್ತಾಳೆ.

“ಒಡಹುಟ್ಟಿದವರಿದ್ದಾರಲ್ಲ” ಎಂದು ನಾವು ಸಮಾಧಾನ ಹೇಳುತ್ತೇವೆ. ಆದರೆ ಮನೆಯೊಳಗೆ ಆ ಭಾರ ಹೊರುವವರು ಯಾರೆಂದು ನೋಡಿ. ಮದುವೆಯಾಗದೆ ಉಳಿದ ಅಕ್ಕ, ಇಲ್ಲವೆ ನಿನ್ನೆ ಮೊನ್ನೆ ಬಂದ ಸೊಸೆ. ನಿನಗೆ ಒಪ್ಪಿಗೆಯೆ ಎಂದು ಅವಳನ್ನು ಕೇಳಿದವರಿಲ್ಲ. ನೋಡಿಸಿಕೊಳ್ಳುವವನಿಗೂ ಸುಖವಿಲ್ಲ, ಪ್ರತಿ ತುತ್ತಿಗೂ ಇನ್ನೊಬ್ಬರ ಮುಖ ನೋಡಬೇಕು. ಪ್ರೀತಿಯಿದ್ದ ಮನೆಯಲ್ಲೂ ಹಂಗು ತಪ್ಪದು. ಒಬ್ಬ ಮನುಷ್ಯನ ಇಡೀ ಬಾಳು ಇನ್ನೊಬ್ಬರ ಒಳ್ಳೆಯತನವನ್ನೇ ನೆಚ್ಚಿ ನಿಲ್ಲಬೇಕೆಂಬುದು ನ್ಯಾಯವೆ?

ಹಾಗೆಂದು ದಾನಧರ್ಮವನ್ನು ಹಗುರಾಗಿ ಕಾಣಲಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ನಮ್ಮ ಕಣ್ಣೆದುರಿಗಿದೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಅದನ್ನು ಕಟ್ಟಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರಂತೆಯೇ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಜಾತಿ ಕೇಳದೆ ಅಂಧರಿಗೆ, ಅನಾಥರಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಅಲ್ಲಿ ಉಂಡವರು ಹಾಡುಗಾರರಾಗಿ, ಗುರುಗಳಾಗಿ ಹೊರಬಂದರು. ಪಡೆದವರು ಕೊಡುವವರಾದಾಗ ಹಂಗು ತಾನಾಗಿ ಕಳಚಿತು. ಆದರೆ ಇಂಥ ಗುರುಗಳು ಊರಿಗೊಬ್ಬರು ಹುಟ್ಟುವುದಿಲ್ಲ. ಸಂಗೀತ ಒಲಿಯದವನಿಗೂ, ಏನನ್ನೂ ಮರಳಿ ಕೊಡಲಾಗದವನಿಗೂ ಸೂರು ಬೇಕಲ್ಲ! ಸರಕಾರದ ಹೊಣೆ ಶುರುವಾಗುವುದು ಅಲ್ಲಿಂದ.

ಕಾನೂನು ಈ ಮಾತನ್ನು ಒಪ್ಪಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೆಯ ಕಲಮಿನಂತೆ ನಾಲ್ಕು ಜನರ ನಡುವೆ ಬಾಳುವುದು ಅವರ ಹಕ್ಕು. ಇಂಥಲ್ಲೇ ಇರಬೇಕೆಂಬ ಒತ್ತಾಯ ಅವರ ಮೇಲೆ ಬೀಳಬಾರದು, ಬಾಳಲು ಬೇಕಾದ ನೆರವು ಸಿಗಬೇಕು. ವಸತಿ ಯೋಜನೆಗಳಲ್ಲಿ ಶೇಕಡಾ 5ರ ಮೀಸಲಾತಿಯನ್ನೂ ಅದೇ ಕಾಯ್ದೆ ಹೇಳುತ್ತದೆ.

ಆದರೆ ಬರೀ ಮನೆ ಸಾಲದು. 2009ರ ನೆರೆಯ ನಂತರ ಮಲಪ್ರಭೆಯ ದಂಡೆಯ ನಮ್ಮ ಊರುಗಳಿಗೆ ಸರಕಾರ ಆಸರೆ ಮನೆಗಳನ್ನು ಕಟ್ಟಿಸಿತು. ಎಷ್ಟೋ ಮನೆಗಳಿಗೆ ಜನ ಹೋಗಲೇ ಇಲ್ಲ. ಕೈಕಾಲು ಗಟ್ಟಿಯಿದ್ದವರೇ ಬರೀ ಗೋಡೆಗಳ ನಡುವೆ ಬಾಳಲಾರರು ಎಂದಮೇಲೆ, ಹಾಸಿಗೆಯಿಂದ ಏಳಲು ಇನ್ನೊಬ್ಬರ ಕೈ ಬೇಕಾದವರ ಮಾತೇನು? ಗ್ರಾಮ ಪಂಚಾಯ್ತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಪಿಂಚಣಿ, ಗುರುತಿನ ಚೀಟಿ ಕೊಡಿಸಲು ಓಡಾಡುತ್ತಾರೆ. ನಡುರಾತ್ರಿ ನೀರು ಕೊಡಲು, ಬೆಳಗಾದರೆ ಮೈ ತೊಳೆಸಲು ಅವರಿಂದಾಗದು. ಆದ್ದರಿಂದ ಹೋಬಳಿಗೊಂದಾದರೂ ಸಣ್ಣ ಮನೆ ಬೇಕು. ಹತ್ತಿರದ ಊರಿನ ನಾಲ್ಕೈದು ಜನ, ಅವರ ಜೊತೆಗೆ ತರಬೇತಿ ಪಡೆದ, ಸರಿಯಾದ ಸಂಬಳವಿರುವ ಒಬ್ಬಿಬ್ಬರು. ಊರಾಚೆ ದೊಡ್ಡ ಕಟ್ಟಡ ಕಟ್ಟಿ ನೂರಾರು ಜನರನ್ನು ತುಂಬುವುದಕ್ಕೆ ಮನೆ ಎನ್ನಲಾಗದು.

ಸಂಬಳದವರ ಕೈಗೆ ಒಪ್ಪಿಸಿದರೆ ಕರುಳ ಸಂಬಂಧ ಒಣಗುವುದಿಲ್ಲವೆ ಎಂದು ಹಿರಿಯರು ಕೇಳಬಹುದು. ನನಗೆ ಹಾಗೆನಿಸುವುದಿಲ್ಲ. ಹಗಲಿರುಳು ಹೊರುವ ಭಾರವೇ ಎಷ್ಟೋ ಮನೆಗಳಲ್ಲಿ ಪ್ರೀತಿಯನ್ನು ಹಿಂಡಿ ಹಾಕಿದೆ. ಭಾರ ಹಂಚಿಕೊಂಡರೆ ಪಂಚಮಿಗೆ ಉಂಡಿ ಕಟ್ಟಿಕೊಂಡು ಅಣ್ಣನನ್ನು ನೋಡಬಂದ ತಂಗಿ, ಬರೀ ತಂಗಿಯಾಗಿ ಒಂದು ಗಳಿಗೆ ಅವನ ಹತ್ತಿರ ಕುಳಿತಾಳು.